ನಾಲ್ಕು ಬೋಲ್ಟಿನ ಚಕ್ರ

ಕಾರೆಹುಂಡಿ, ಅಂತರಸಂತೆ ಹೋಬಳಿ
೧೮ ಮಾರ್ಚ್ ೨೦೨೫, ಮಂಗಳವಾರ

ಪ್ರೀತಿಯ ಪುಷ್ಪಕ್ಕ,

ರೆಸಾರ್ಟಿನವರು ಬಿಟ್ಟುಹೋದ ಆ ಪುಟ್ಟ ಮೋಟಾರು ಗಾಡಿ, ನಮ್ಮ ಬಗ್ಗಿ, ನಿನ್ನೆ ಸಂಜೆ ನಾಲ್ಕು ಚಕ್ರದ ಮೇಲೆ ನಿಂತಿತು. ಕ್ಷೇಮ ಸಮಾಚಾರ ಎಂದು ಬರೆಯಲು ಸದ್ಯಕ್ಕೆ ನನ್ನ ಹತ್ತಿರ ಇರುವುದು ಅದೊಂದೇ. ನಿನ್ನ ಕೈ ಹೇಗಿದೆ? ಪ್ಲಾಸ್ಟರ್ ಬಿಚ್ಚಿದರಂತೆ, ಬೆರಳು ಮಡಚಲು ಬರುತ್ತದಂತೆ. ಬಿಳಿಕೆರೆ ಕಡೆಯವರೊಬ್ಬರು ಸಂತೆಯಲ್ಲಿ ಸಿಕ್ಕಿ ಹೇಳಿದರು. ನೀನೇ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು.

ನೀನು ಫೋನ್ ತೆಗೆಯುತ್ತಿಲ್ಲ. ಹನ್ನೊಂದು ಸಲ ಮಾಡಿ ನಿಲ್ಲಿಸಿದೆ. ಅದಕ್ಕೇ ಈ ಪತ್ರ. ಫೋನಿನಲ್ಲಾದರೆ ನಾನು ಭಾಷಣ ಶುರು ಮಾಡುತ್ತೇನೆ, ನೀನು "ಆ ಕರಪತ್ರ ಮಡ್ಚಿಡಮ್ಮಿ, ಮನ್ಸರ ತರ ಮಾತಾಡು" ಅನ್ನುತ್ತೀಯ. ಪತ್ರವಾದರೆ ನಿನಗೆ ಬೇಕಾದ ಕಡೆ ನಿಲ್ಲಿಸಿ ಹರಿದು ಹಾಕಬಹುದು. ಹರಿಯುವುದಾದರೂ ಕೊನೆಯವರೆಗೆ ಓದಿ ಹರಿ.

ಮೊದಲು ಊರಿನ ಸ್ಥಿತಿ ಹೇಳುತ್ತೇನೆ. ನೀನು ತವರಿಗೆ ಹೋದ ಮೇಲೆ ಬಗ್ಗಿ ನಮ್ಮ ಮನೆಯ ಹಿತ್ತಲಿನಲ್ಲಿ ಎಡಗಾಲಿಗೆ ಕಲ್ಲು ಕೊಟ್ಟುಕೊಂಡು ನಿಂತಿತ್ತು. ಹಾಲು ಸಾಗಿಸುವ ಕೆಲಸವನ್ನು ಸಂಘದವರು ತಾತ್ಕಾಲಿಕ ಅಂತ ಡೈರೆಕ್ಟರ್ ಗಂಗಾಧರಪ್ಪನವರ ಟ್ರ್ಯಾಕ್ಟರಿಗೆ ಕೊಟ್ಟರು. ಆನೆ ಕಂದಕದ ಮೇಲಿನ ಮೋರಿ ಎಷ್ಟು ಅಗಲ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಟ್ರ್ಯಾಕ್ಟರು ಅಲ್ಲಿ ದಾಟುವುದಿಲ್ಲ. ಊರು ಸುತ್ತಿ ಬರುವಷ್ಟರಲ್ಲಿ ಏಳೂಕಾಲರ ಹಾಲಿನ ವ್ಯಾನು ಹೊರಟು ಹೋಗಿರುತ್ತದೆ. ಎರಡು ಸಲ ಹಾಲು ಒಡೆದು ವಾಪಸ್ ಬಂತು. ಈಗ ಅರ್ಧದಷ್ಟು ಹೆಂಗಸರು ಕ್ಯಾನು ತಲೆಯ ಮೇಲಿಟ್ಟುಕೊಂಡು ಐದೂವರೆಗೇ ಕಂದಕದ ದಾರಿ ಹಿಡಿಯುತ್ತಾರೆ. ಕಳೆದ ಗುರುವಾರ ಪುಟ್ಟಿ ಮತ್ತು ಅವಳ ಅತ್ತೆಗೆ ಮೋರಿಯ ಆಚೆ ಒಂಟಿ ಸಲಗ ಎದುರಾಯಿತು. ಕ್ಯಾನು ಬಿಸಾಡಿ ಓಡಿದ್ದಕ್ಕೆ ಜೀವ ಉಳಿಯಿತು. ಆ ಕ್ಯಾನನ್ನು ಆನೆ ತುಳಿದು ತಟ್ಟೆಯ ಹಾಗೆ ಮಾಡಿತ್ತು. ಪುಟ್ಟಿ ಅದನ್ನು ತಂದು ಸಂಘದ ಬಾಗಿಲಲ್ಲಿ ಇಟ್ಟು, "ಇದ್ರ ಮೇಲೆ ಊಟ ಮಾಡ್ರಿ ಡೈರೆಕ್ಟ್ರೇ" ಅಂದಳಂತೆ. ನಾನು ಮೂರು ವರ್ಷದಲ್ಲಿ ಬರೆದ ಯಾವ ಕರಪತ್ರದಲ್ಲೂ ಅಷ್ಟು ಚೆನ್ನಾದ ಒಂದು ವಾಕ್ಯ ಇಲ್ಲ.

ಬರುವ ಭಾನುವಾರ, ಇಪ್ಪತ್ತಮೂರಕ್ಕೆ, ಸಂಘದ ಸರ್ವಸದಸ್ಯರ ಸಭೆ. ಹಾಲು ಸಾಗಿಸುವುದನ್ನು ಕಾಯಂ ಆಗಿ ಟ್ರ್ಯಾಕ್ಟರಿಗೇ ಒಪ್ಪಿಸಬೇಕು, ಬಗ್ಗಿಯನ್ನು ಗುಜರಿಗೆ ಹಾಕಬೇಕು ಅಂತ ಗಂಗಾಧರಪ್ಪನವರು ಬರೆದು ಕೊಟ್ಟಿದ್ದಾರೆ. ಹೆಂಗಸರು ನಡೆಸಿದ ಒಂದೇ ಒಂದು ಗಾಡಿ ಈ ಹೋಬಳಿಯಲ್ಲಿ ಅದು. ಅದು ಗುಜರಿಗೆ ಹೋದರೆ ಇನ್ನು ಇಪ್ಪತ್ತು ವರ್ಷ ಯಾವ ಹೆಣ್ಣುಮಗಳೂ ಈ ಊರಿನಲ್ಲಿ ಸ್ಟೇರಿಂಗ್ ಮುಟ್ಟುವ ಮಾತಾಡುವುದಿಲ್ಲ. ಅದಕ್ಕೇ ಐದು ವಾರ ಚಕ್ರ ಹುಡುಕಿದೆ. ಸಿಗುವವರೆಗೆ ಬಿಡುವುದಿಲ್ಲ ಅಂತ ಹಟ ಹಿಡಿದು ಹುಡುಕಿದೆ.

ಕಂದಕದಿಂದ ಎತ್ತಿದ ಆ ಮುರಿದ ಚಕ್ರವನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಮೊದಲು ಹುಣಸೂರಿಗೆ ಹೋದೆ. ಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರು ಚೀಲ ಒದ್ದು ನೋಡಿ, "ನಿಂಗೆ ಫ್ರೀ ಸರಿ ಕಣವ್ವ, ಈ ಚಕ್ರದ ಆಧಾರ್ ಕಾರ್ಡ್ ಎಲ್ಲಿ?" ಅಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಜನವರಿಯ ನಂತರ ನಕ್ಕಿದ್ದು ಅದೇ ಮೊದಲು.

ಹುಣಸೂರಿನಲ್ಲಿ ಷಣ್ಮುಖಪ್ಪ ಅಂತ ಒಬ್ಬರು ಲೇತ್ ಅಂಗಡಿ ಇಟ್ಟಿದ್ದಾರೆ. ಎಪ್ಪತ್ತು ದಾಟಿದೆ, ಹಣೆಯಲ್ಲಿ ವಿಭೂತಿ, ಕಿವಿಯ ಸಂದಿಯಲ್ಲಿ ಸೀಮೆಸುಣ್ಣದ ಚೂರು. ಚಕ್ರವನ್ನು ಮಂಡಿಯ ಮೇಲಿಟ್ಟುಕೊಂಡು ಮಗುವಿನ ತಲೆ ನೋಡುವ ಹಾಗೆ ತಿರುಗಿಸಿ ನೋಡಿದರು. ಬೋಲ್ಟು ಕೂರುವ ನಾಲ್ಕು ತೂತೂ ಮೊಟ್ಟೆಯ ಆಕಾರಕ್ಕೆ ಸವೆದಿದ್ದವು. "ಇದನ್ನ ವೆಲ್ಡ್ ಮಾಡಿ ಕೊಟ್ರೆ ನಂಗೆ ನಿದ್ದೆ ಬರಲ್ಲ. ಬೇರೆ ಚಕ್ರ ನೋಡವ್ವ. ಆದ್ರೆ ಇದರಿಂದ ಅಳತೆ ತಗೊಳಂಗಿಲ್ಲ, ತೂತೇ ಕೆಟ್ಟೈತೆ. ಗಾಡಿ ಬೋಲ್ಟಿನ ಅಚ್ಚನ್ನ ರಟ್ಟಿನ್ ಮೇಲೆ ತಗೊಂಬಾ" ಅಂದರು. ಇನ್ನೂ ಒಂದು ಮಾತು ಹೇಳಿದರು. ಅದನ್ನು ಮುಂದೆ ಬರೆಯುತ್ತೇನೆ.

ಅಚ್ಚು ತೆಗೆಯುವುದು ಹೇಗೆ? ರಟ್ಟಿನ ನಡುವೆ ದುಂಡಗೆ ಕತ್ತರಿಸಿ ಗಾಡಿಗೆ ಹಿಡಿದೆ, ಪೆನ್ಸಿಲ್ಲಿನಲ್ಲಿ ಗುರುತು ಮಾಡಲು ನೋಡಿದೆ. ಬೋಲ್ಟಿನ ತುದಿ ರಟ್ಟಿನ ಹಿಂದೆ ಉಳಿಯುತ್ತದೆ, ಕಾಣುವುದಿಲ್ಲ. ನಾನು ಒದ್ದಾಡುವುದನ್ನು ನಿಮ್ಮತ್ತೆ ಬೇಲಿಯ ಆಚೆಯಿಂದ ನೋಡುತ್ತಿದ್ದರು. ನನ್ನ ಜೊತೆ ಅವರು ಮಾತು ಬಿಟ್ಟು ಅಷ್ಟೊತ್ತಿಗೆ ಇಪ್ಪತ್ತು ದಿನ. ಒಳಗೆ ಹೋದರು, ಕುಂಕುಮದ ಭರಣಿ ಮತ್ತು ಕೊಬ್ಬರಿ ಎಣ್ಣೆ ತಂದರು, ಕಲಸಿ ನಾಲ್ಕು ಬೋಲ್ಟಿನ ತುದಿಗೂ ಹಚ್ಚಿದರು. "ಈಗ ಒತ್ತು. ದೇವ್ರಿಗೆ ಬ್ಯಾಡ ಅಂತೀಯ, ಕಬ್ಣಕ್ಕಾದ್ರೂ ಬೇಕಲ್ಲ" ಅಂದರು. ಒತ್ತಿದೆ. ರಟ್ಟಿನ ಮೇಲೆ ನಾಲ್ಕು ಕೆಂಪು ಚುಕ್ಕೆ ಬಿದ್ದವು. ಷಣ್ಮುಖಪ್ಪನವರು ಎದುರುಬದುರು ಚುಕ್ಕೆಗಳ ನಡುವೆ ಅಳತೆ ಹಿಡಿದು ಹೇಳಿದರು: ನೂರ ಮೂವತ್ತೇಳು ಮಿಲಿಮೀಟರು. ಮೂಲೆಯಲ್ಲಿ ಸೀಮೆಸುಣ್ಣದಿಂದ ಅದನ್ನು ಬರೆದೂ ಕೊಟ್ಟರು. ಅವತ್ತಿನಿಂದ ಆ ರಟ್ಟು ನನ್ನ ಜೋಳಿಗೆಯಲ್ಲಿ ಕರಪತ್ರಗಳ ಜೊತೆ ಊರೂರು ತಿರುಗಿತು.

ಕೆ.ಆರ್. ನಗರದ ಗುಜರಿ ಅಂಗಡಿಯಲ್ಲಿ ಓಮ್ನಿ ವ್ಯಾನಿನ ಚಕ್ರಗಳನ್ನು ಗುಡ್ಡೆ ಹಾಕಿದ್ದರು. ಅಂಗಡಿಯವನು ಒಂದನ್ನು ಉರುಳಿಸಿಕೊಂಡು ಬಂದು, "ಅನ್ನೆರಡಿಂಚು, ನಾಕು ತೂತು, ಇನ್ನೇನವ್ವ ಬೇಕು ನಿಂಗೆ?" ಅಂದ. ತೂತು ಬೇರೆ ಜಾಗದಲ್ಲಿ ಬೇಕು ಅಂದೆ. ರಟ್ಟು ಇಟ್ಟು ತೋರಿಸಿದೆ. ಅವನ ತೂತಿಗಿಂತ ನನ್ನ ಚುಕ್ಕೆ ಒಂದು ಬೆರಳಿನಷ್ಟು ಆಚೆ. "ಅಯ್ಯೋ, ಅಷ್ಟೇ ತಾನೆ, ಡ್ರಿಲ್ಲಿಂಗ್ ಹೊಡ್ಸಿ ಬೇರೆ ತೂತು ಮಾಡ್ಕೊಡ್ತೀವಿ, ಟೀ ಕುಡಿಯೋಷ್ಟರಲ್ಲಿ ಆಯ್ತದೆ" ಅಂದ. ನಾನು ಹೂಂ ಅನ್ನುವವಳಿದ್ದೆ, ಪುಷ್ಪಕ್ಕ. ಬೇಗ ಮುಗಿಸಬೇಕು ಅನ್ನುವ ಆಸೆ ಅಷ್ಟು ಕೆಟ್ಟದ್ದು. ಎಂಟು ತೂತಾದ ಚಕ್ರದ ಮೇಲೆ ಯಾರು ಕೂರುತ್ತಾರೆ ಅಂತ ಯೋಚಿಸಿದೆ. ಕೂರುವವಳು ನೀನು. ಬೇಡ ಅಂದೆ. "ಓದಿರೋ ಹೆಣ್ಮಕ್ಕಳಿಗೆ ವ್ಯಾಪಾರ ಮಾಡೋದು ಕಷ್ಟ ಕಣಪ್ಪ" ಅಂತ ಪಕ್ಕದವನಿಗೆ ಹೇಳಿದ. ನಾನು ಓದಿದ್ದು ಎಂಟೆಂಟು ಪುಟದ ಪುಸ್ತಿಕೆಗಳು ಮಾತ್ರ ಅಂತ ಅವನಿಗೇನು ಗೊತ್ತು?

ಆಮೇಲೆ ಪಿರಿಯಾಪಟ್ಟಣ. ಅಲ್ಲಿ ಚೇತನ್‌ಕುಮಾರ್ ಅನ್ನುವವರು ಬೈಕಿನ ಅಲಂಕಾರದ ಸಾಮಾನು ಮಾರುತ್ತಾರೆ, ಕಾಫಿ ತೋಟದವರ ಗಾಡಿಗಳಿಗೂ ಹೊರಗಿನಿಂದ ಚಕ್ರ ತರಿಸಿಕೊಡುತ್ತಾರೆ. ಫೋನಿನಲ್ಲಿ ಚಿತ್ರ ತೋರಿಸಿ, "ಯೂನಿವರ್ಸಲ್ ಮೇಡಂ, ಎಲ್ಲಾ ಗಾಡಿಗೂ ಕೂತ್ಕತದೆ" ಅಂದರು. ಎಲ್ಲದಕ್ಕೂ ಕೂರುತ್ತದೆ ಅನ್ನುವವರನ್ನು ನಾನು ರಾಜಕೀಯದಲ್ಲೂ ನಂಬುವುದಿಲ್ಲ. ಅಳತೆ ಬರೆದುಕೊಟ್ಟೆ, ನೂರ ಮೂವತ್ತೇಳು ಅಂತ ಮೂರು ಸಲ ಹೇಳಿದೆ. ಹದಿನಾರು ದಿನ ಕಾದ ಮೇಲೆ ಬಂದ ಚಕ್ರದ ಮೇಲೆ ರಟ್ಟು ಇಟ್ಟರೆ ಈ ಸಲ ಚುಕ್ಕೆ ತೂತಿಗಿಂತ ಒಳಗೆ! ಅಳೆದರೆ ನೂರ ಐವತ್ತಾರು. ಅಂಗಡಿಯ ಮುಂದೆ ನಿಂತು ನಾನು ಕೂಗಾಡಿದೆ. ಅವರು ಸಮಾಧಾನದಿಂದ, "ಮೇಡಂ, ನೀವು ನಮ್ಮೇಲೆ ರೇಗಾಡಿ, ಪರವಾಗಿಲ್ಲ. ಆದ್ರೆ ನಿಮ್ಮ ರಟ್ಟು ನಂಗೆ ಒಂದ್ ಫೋಟೋ ತಗೊಳ್ಳೋಕೆ ಬುಡಿ. ಇಷ್ಟ್ ದಿನ ಇಂಥಾದ್ದು ನಮ್ ತಲೆಗೇ ಹೊಳೀಲಿಲ್ಲ" ಅಂದರು. ಚಕ್ರ ವಾಪಸ್ ಕಳಿಸಿದರು. ಅಷ್ಟೇ ಅಲ್ಲ, ಗುರುಪುರದ ಟಿಬೆಟನ್ ಕ್ಯಾಂಪಿನಲ್ಲಿ ಜೋಳದ ಹೊಲ ಸುತ್ತಲು ನಮ್ಮಂಥದೇ ಗಾಡಿ ಒಂದಿತ್ತು, ಹೋಗಿ ನೋಡಿ ಅಂತ ಹೇಳಿದವರೂ ಅವರೇ. ನಾನು ಕೂಗಾಡಿದ್ದಕ್ಕೆ ಕ್ಷಮೆ ಕೇಳಿ ಬಂದೆ. ಈಚೆಗೆ ನನಗೆ ಕ್ಷಮೆ ಕೇಳುವುದು ಸ್ವಲ್ಪ ಅಭ್ಯಾಸವಾಗುತ್ತಿದೆ.

ಗುರುಪುರದಲ್ಲಿ ಆ ಗಾಡಿ ಇಟ್ಟಿದ್ದ ಅಜ್ಜ ಸಿಕ್ಕರು. ಟಿಬೆಟನ್ನರು, ಆದರೆ ಚಿಕ್ಕಂದಿನಿಂದ ಬೆಳೆದಿದ್ದು ಇಲ್ಲೇ, ಕನ್ನಡ ಅಂದರೆ ನಮ್ಮ ಸಂತೆಯ ಕನ್ನಡ. ಗಾಡಿಯನ್ನು ಮಾರಿ ಎರಡು ವರ್ಷವಾಯಿತಂತೆ. "ಗಾಡಿ ಓಯ್ತು, ಚಕ್ರ ಉಳ್ಕಂತು. ಎರಡು ಐತೆ, ನಮ್ಮುಡುಗ್ರು ಚೆಂದಕ್ಕೆ ಅಂತ ಬೇರೆ ತರ್ಸಿದ್ರು" ಅಂತ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಜೋಳದ ಮೂಟೆಗಳ ಹಿಂದೆ ಕಪ್ಪು ಬಣ್ಣದ ಜೋಡಿ ಚಕ್ರ, ಟಯರಿನ ಸಮೇತ. ರಟ್ಟು ಇಟ್ಟೆ. ಒಂದೊಂದು ತೂತಿನ ನಡುವೆ ಒಂದೊಂದು ಕೆಂಪು ಚುಕ್ಕೆ. ನಾನು ಅಲ್ಲೇ ಜೋಳದ ಮೂಟೆಯ ಮೇಲೆ ಕೂತುಬಿಟ್ಟೆ. ಅಜ್ಜ ನನಗೇನೋ ಆಯಿತು ಅಂತ ಗಾಬರಿಯಾಗಿ ನೀರು ತಂದರು.

ಅವರೇ ಒಂದು ಎಚ್ಚರಿಕೆಯನ್ನೂ ಹೇಳಿದರು. ಬೋಲ್ಟು ಸರಿಹೋದರೆ ಸಾಲದು, ಬೋಲ್ಟು ಬಿಗಿಯುವ ತಗಡು ರಿಮ್ಮಿನಲ್ಲಿ ಎಷ್ಟು ಒಳಗಿದೆ ಅನ್ನುವುದೂ ಸರಿಹೋಗಬೇಕು. ಈ ಜೋಡಿ ನಮ್ಮ ಚಕ್ರಕ್ಕಿಂತ ಸ್ವಲ್ಪ ಹೊರಗೆ ಚಾಚಿ ನಿಲ್ಲುತ್ತದೆ. "ಇವು ಕಾಲ್ ಅಗಲಿಸ್ಕಂಡ್ ನಿಲ್ಲೋವು. ಮುಂದ್ಗಡೆ ಹಾಕಿದ್ರೆ ಸ್ಟೇರಿಂಗ್ ತಿರುಗ್ಸುವಾಗ ಮಡ್‌ಗಾರ್ಡಿಗೆ ಉಜ್ತವೆ. ಹಿಂದ್ಗಡೆ ಹಾಕು" ಅಂದರು. ಹಾಗೇ ಮಾಡಿದೆವು. ಹೊಸ ಜೋಡಿ ಹಿಂದಕ್ಕೆ ಹೋಯಿತು. ಹಿಂದಿದ್ದ ಎರಡು ಹಳೇ ಚಕ್ರದಲ್ಲಿ ಒಂದು ಮುಂದೆ ಎಡಕ್ಕೆ ಬಂತು. ಉಳಿದ ಇನ್ನೊಂದು ನಮ್ಮ ಸ್ಪೇರ್. ಪುಷ್ಪಕ್ಕ, ಈಗ ನಮಗೆ ಒಂದು ಸ್ಪೇರ್ ಚಕ್ರ ಇದೆ! ಆ ರೆಸಾರ್ಟಿನವರು ಮುಚ್ಚಿಕೊಂಡು ಹೋಗುವಾಗ ಗಾಡಿ ಕೊಟ್ಟ ದಿನದಿಂದ ನೀನು ಕೇಳುತ್ತಿದ್ದದ್ದು ಅದನ್ನೇ.

ನಿನ್ನೆ ಪುಟ್ಟಿ ಮತ್ತು ನಾನು ಚಕ್ರ ಕೂರಿಸಿದೆವು. ಕೂರಿಸುವ ಮೊದಲು ಹಳೇ ಚಕ್ರಗಳ ನಟ್ಟು ಕೂರುವ ಜಾಗವನ್ನೆಲ್ಲ ಬ್ಲೇಡಿನಿಂದ, ಆಮೇಲೆ ಮರಳು ಕಾಗದದಿಂದ ಕೆರೆದೆ. ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಕೆರೆದೆ. ಪುಟ್ಟಿ, "ಅದ್ಯಾಕಮ್ಮಿ ಅಂಗೆ ಉಜ್ತೀಯ, ಪಾತ್ರೆಯಾ ಅದು?" ಅಂದಳು. ಉತ್ತರವನ್ನು ಮೊದಲು ನಿನಗೆ ಕೊಡಬೇಕು.

ಈಗ ಷಣ್ಮುಖಪ್ಪನವರ ಮಾತಿಗೆ ಬರುತ್ತೇನೆ.

ಅವತ್ತು ಅವರು ಮುರಿದ ಚಕ್ರದ ಆ ಸವೆದ ತೂತಿನ ಅಂಚನ್ನು ಮೊಳೆಯಿಂದ ಕೆರೆದರು. ಕೆಂಪು ಚಕ್ಕೆ ಎದ್ದು ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು, "ಇಲ್ಲಿಗೆ ಬಣ್ಣ ಯಾರು ಬಳ್ದೋರು?" ಗೊತ್ತಿಲ್ಲ ಅಂದೆ. ಅವರು, "ನಟ್ಟು ಕಬ್ಬಿಣದ ಮೇಲೆ ಕೂರ್ಬೇಕು ಕಣವ್ವ, ಬಣ್ಣದ ಮೇಲಲ್ಲ. ಬಣ್ಣ ಅಸಿಯಾಗಿದ್ದಾಗ ಬಿಗಿ ಮಾಡಿದ್ರೆ ಬಿಗಿ ಅನ್ನಿಸ್ತದೆ. ನಾಕ್ ದಿನ ಓಡಿದ್ ಮೇಲೆ ಬಣ್ಣ ಪುಡಿಯಾಗಿ ಉದುರ್ತದೆ, ನಟ್ಟು ಸಡ್ಲಾಗ್ತದೆ. ಎಷ್ಟ್ ನಿದಾನಕ್ಕೆ ಓಡ್ಸಿದ್ರೂ ಚಕ್ರ ಕಳ್ಚೇ ಕಳಚ್ತದೆ" ಅಂದರು. ಎಷ್ಟು ನಿಧಾನವಾಗಿ ಓಡಿಸಿದರೂ. ಈ ಮಾತನ್ನು ಇನ್ನೊಮ್ಮೆ ಓದು.

ಬಣ್ಣ ಬಳಿದವಳು ನಾನು.

ಸಂಕ್ರಾಂತಿಯ ದಿನ ನೆನಪು ಮಾಡಿಕೋ. ಎಲ್ಲರೂ ಹಸುಗಳ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುತ್ತಿದ್ದರು. ಬಗ್ಗಿಗೂ ಪೂಜೆ ಮಾಡಿ ನಿಂಬೆಹಣ್ಣು ಇಡೋಣ ಅಂತ ನೀವೆಲ್ಲ ಅಂದಿರಿ. ನಾನು ಯಂತ್ರಕ್ಕೆ ಪೂಜೆ ಬೇಡ, ದುಡಿಯುವುದಕ್ಕೆ ಗೌರವ ಸಾಕು ಅಂತ ಅರ್ಧ ಗಂಟೆ ಮಾತಾಡಿದೆ. ನೀನು ನಗುತ್ತಾ ರಾಗಿ ಬೀಸಲು ಹೋದೆ. ನೀನು ಅತ್ತ ಹೋದ ಮೇಲೆ ಕೊಂಬಿಗೆ ಬಳಿದು ಉಳಿದಿದ್ದ ಕೆಂಪು ಎನಾಮಲ್ ಡಬ್ಬ ನನ್ನ ಕಣ್ಣಿಗೆ ಬಿತ್ತು. ನಮ್ಮ ದುಡಿಯುವ ಎತ್ತು ಇದೇ, ಇದಕ್ಕೂ ಕೊಂಬು ಕೆಂಪಾಗಲಿ ಅನ್ನಿಸಿತು. ಒಂದೊಂದೇ ಚಕ್ರ ಬಿಚ್ಚಿ, ಕೆಸರು ತೊಳೆದು, ಹಿಂದೆ ಮುಂದೆ, ತೂತಿನ ಒಳಗೆ, ಒಂದಿಷ್ಟೂ ಬಿಡದೆ ದಪ್ಪಗೆ ಬಳಿದೆ. ಕಿಚ್ಚು ಹಾಯಿಸುವ ಹೊತ್ತಿಗೆ ಬಗ್ಗಿಯೂ ಹಸುಗಳ ಸಾಲಿನಲ್ಲಿ ನಿಲ್ಲಬೇಕು ಅಂತ, ಬಣ್ಣ ಒಣಗುವ ಮುಂಚೆಯೇ ಚಕ್ರ ಹಾಕಿ ನಟ್ಟು ಬಿಗಿದೆ. ನೀನು ಬಂದು ನೋಡಿ, "ಮದ್ವೆ ಹೆಣ್ಣು ಕಣೆ ಇದು" ಅಂದೆಯಲ್ಲ, ಆಗ ನನಗೆ ಎಷ್ಟು ಹೆಮ್ಮೆಯಾಗಿತ್ತು!

ಎಂಟನೇ ದಿನ ಬೆಳಗ್ಗೆ ಕ್ಯಾನು ತುಂಬುವಾಗ ನೀನು ಹೇಳಿದೆ: ಮುಂದೆ ಎಡಗಡೆ ಟಕ್ ಟಕ್ ಅನ್ನುತ್ತಿದೆ, ಸ್ಪ್ಯಾನರ್ ಕೊಡು ಅಂತ. ಟಯರಿಗೆ ಕಲ್ಲು ಸಿಕ್ಕಿರುತ್ತದೆ, ಹೊತ್ತಾಯಿತು, ವ್ಯಾನು ಹೋಗುತ್ತದೆ, ಹೊರಡು ಅಂದವಳು ನಾನು. ಇಪ್ಪತ್ತು ನಿಮಿಷದ ನಂತರ ಮೋರಿಗೆ ಇಳಿಯುವ ಕಡೆ ಚಕ್ರ ಕಳಚಿ ನಿನ್ನ ಮುಂದೆಯೇ ಓಡಿ ಕಂದಕಕ್ಕೆ ಬಿತ್ತು. ಗಾಡಿ ಪಕ್ಕಕ್ಕೆ ವಾಲಿ, ಆರು ಕ್ಯಾನು ಹಾಲಿನ ಕೆಳಗೆ ನಿನ್ನ ಕೈ ಸಿಕ್ಕಿತು.

ಊರೆಲ್ಲ ಸೇರಿದಾಗ ಗಂಗಾಧರಪ್ಪನವರು "ಎಂಗಸ್ರ ಕೈಗೆ ಸ್ಟೇರಿಂಗ್ ಕೊಟ್ರೆ ಇಂಗೇ ಕಣ್ರೀ, ಬಸ್ಸಿನ ತರ ಓಡ್ಸದು" ಅಂದರು. ನಿಮ್ಮತ್ತೆ ನಿನ್ನ ಮುರಿದ ಕೈಯನ್ನೂ ನೋಡದೆ, "ನಿಂಗೆ ಜೋರು ಜಾಸ್ತಿ ಆಗಿತ್ತು. ಇನ್ಮೇಲೆ ಆ ಗಾಡಿ ಮುಟ್ಟಿದ್ರೆ ನನ್ ಮನೆ ಬಾಗ್ಲು ತುಳೀಬೇಡ" ಅಂದರು. ಲಾರಿಯಲ್ಲಿ ಕೇರಳಕ್ಕೆ ಹೋಗಿದ್ದ ನಿಮ್ಮ ಯಜಮಾನರು ಕುಮಾರಣ್ಣ ಫೋನಿನಲ್ಲೇ ಬೈದರು. ನೀನು "ನಾನು ಜೋರಾಗಿ ಓಡಿಸ್ಲಿಲ್ಲ, ಸದ್ದು ಬತ್ತಿತ್ತು, ಶೃತೀನ ಕೇಳಿ" ಅಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಸದ್ದಿನ ವಿಷಯ ನನಗೆ ನೆನಪಿಲ್ಲ ಅಂದೆ. ನಿನ್ನ ಕಣ್ಣು ನನ್ನ ಮೇಲೆ ಎಷ್ಟು ಹೊತ್ತು ಇತ್ತೋ, ನಾನು ತಲೆ ಎತ್ತಲಿಲ್ಲ.

ಆಮೇಲೆ ಒಂದು ಕರಪತ್ರ ಬರೆದೆ. ರಸ್ತೆ ಮಾಡದ ಪಂಚಾಯಿತಿಯೇ ಈ ಅಪಘಾತಕ್ಕೆ ಹೊಣೆ, ಹೆಣ್ಣಲ್ಲ ಅಂತ. ಸಂತೆಯಲ್ಲಿ ಇನ್ನೂರು ಪ್ರತಿ ಹಂಚಿದೆ. ಅದರಲ್ಲಿ ನಿನ್ನ ಹೆಸರು ಐದು ಸಲ ಇದೆ, ನನ್ನದು ಇಲ್ಲ. ಬರೆಯುವಾಗ ಬಣ್ಣವೇ ಕಾರಣ ಅನ್ನುವುದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ, ಇದನ್ನಾದರೂ ನಂಬು. ಗೊತ್ತಾದದ್ದು ಫೆಬ್ರವರಿ ಹತ್ತಕ್ಕೆ, ಷಣ್ಮುಖಪ್ಪನವರ ಅಂಗಡಿಯಲ್ಲಿ. ಅಂದಿನಿಂದ ಇಂದಿಗೆ ಮೂವತ್ತಾರು ದಿನ. ಮೂವತ್ತಾರು ದಿನ ಗೊತ್ತಿದ್ದೂ ಸುಮ್ಮನಿದ್ದೆ. ನಾನು ಒಪ್ಪಿಕೊಂಡರೆ ಹೆಂಗಸರ ಕೆಲಸಕ್ಕೇ ಕೆಟ್ಟ ಹೆಸರು, ಮೊದಲು ಚಕ್ರ ಸಿಗಲಿ ಅಂತ ನನಗೆ ನಾನೇ ಹೇಳಿಕೊಂಡೆ. ನಾನು ಓದಿದ ಯಾವ ಪುಸ್ತಿಕೆಯಲ್ಲೂ ಹೀಗೆ ಬರೆದಿಲ್ಲ. ಇದು ನನ್ನದೇ ಕಲ್ಪನೆ.

ಈಗ ನಾನು ನಿನ್ನನ್ನು ಕೇಳುವುದು ಇಷ್ಟೇ. ಭಾನುವಾರ ಹತ್ತು ಗಂಟೆಗೆ ಸಭೆ. ಅಷ್ಟರೊಳಗೆ ಬಾ. ಎಲ್ಲರ ಎದುರಿಗೆ ನೀನು ಬಗ್ಗಿ ಹತ್ತಿ, ಮೋರಿ ದಾಟಿ, ತಿರುಗಿಸಿಕೊಂಡು ಬಂದರೆ ಗಂಗಾಧರಪ್ಪನವರ ಬಾಯಿ ಮುಚ್ಚುತ್ತದೆ. ಬಣ್ಣದ ವಿಷಯವನ್ನು ಸಭೆ ಮುಗಿದ ಮೇಲೆ ಊರಿಗೆ ಹೇಳುತ್ತೇನೆ, ಖಂಡಿತ ಹೇಳುತ್ತೇನೆ. ಮುಂಚೆಯೇ ಹೇಳಿದರೆ ಅವರ ಕೈಗೆ ನಾವೇ ಕೋಲು ಕೊಟ್ಟಂತೆ. ಒಂದು ವಾರ ತಡೆದುಕೋ, ಅಷ್ಟೇ. ಗಾಡಿ ಉಳಿದರೆ ನಿನ್ನ ಹೆಸರೂ ಉಳಿಯುತ್ತದೆ.

ಓಡಿಸಲು ಇಷ್ಟವಿಲ್ಲದಿದ್ದರೆ ಹಾಗೆಂದು ಬರಿ. ನಾನು ಕಲಿಯುತ್ತೇನೆ. ನಿನ್ನೆ ಹಿತ್ತಲಿನಲ್ಲಿ ಓಡಿಸಲು ಹೋಗಿ ನುಗ್ಗೆಮರಕ್ಕೆ ಗುದ್ದಿದೆ, ಅದು ಬೇರೆ ಮಾತು. ಆದರೆ ಹಾಲು ಇನ್ನೊಂದು ಮಳೆಗಾಲ ಹೆಂಗಸರ ತಲೆಯ ಮೇಲೆ ಆ ದಾರಿಯಲ್ಲಿ ಹೋಗಲು ನಾನು ಬಿಡುವುದಿಲ್ಲ.

ನಿನ್ನ ವಿಷಯದಲ್ಲಿ ತಪ್ಪು ಮಾಡಿದ, ನಿನ್ನ ದಾರಿ ನೋಡುತ್ತಿರುವ,
ಶೃತಿ

ಮರೆತ ಮಾತು. ಭಾನುವಾರ, ೨೩ ಮಾರ್ಚ್, ಮಧ್ಯಾಹ್ನ.

ಈ ಪತ್ರವನ್ನು ನಾನು ಅಂಚೆಗೆ ಹಾಕಲಿಲ್ಲ. ಬುಧವಾರ ಅಂಚೆ ಡಬ್ಬದ ಎದುರು ನಿಂತು ಇನ್ನೊಮ್ಮೆ ಓದಿದೆ. "ಒಂದು ವಾರ ತಡೆದುಕೋ" ಅನ್ನುವ ಸಾಲಿಗೆ ಬಂದಾಗ ಮುಖಕ್ಕೆ ಯಾರೋ ಹೊಡೆದ ಹಾಗಾಯಿತು. ಎರಡು ತಿಂಗಳು ನೀನು ತಡೆದುಕೊಂಡಿದ್ದು ಸಾಲದು ಅಂತ ಇನ್ನೊಂದು ವಾರ ಸಾಲ ಕೇಳುತ್ತಿದ್ದೇನೆ ಅನ್ನಿಸಿತು. ಪತ್ರ ವಾಪಸ್ ತಂದೆ.

ಇವತ್ತು ಸಭೆಯಲ್ಲಿ ಗಂಗಾಧರಪ್ಪನವರ ಅರ್ಜಿ ಓದಿದ ಮೇಲೆ ನಾನು ಎದ್ದು ನಿಂತು ಈ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅವರ ಬಗ್ಗೆ ಬರೆದದ್ದನ್ನೂ ಬಿಡಲಿಲ್ಲ, ನಿಮ್ಮತ್ತೆಯ ಬಗ್ಗೆ ಬರೆದದ್ದನ್ನೂ ಬಿಡಲಿಲ್ಲ. ಮಧ್ಯೆ ಎರಡು ಕಡೆ ಪುಟ್ಟಿ ನೀರು ಕೊಟ್ಟಳು. ಮುಗಿದ ಮೇಲೆ ಗಂಗಾಧರಪ್ಪನವರು, "ನೋಡಿದ್ರಾ, ಅವ್ರೇ ಒಪ್ಕಂಡ್ರಲ್ಲ, ಎಂಗಸ್ರ ಕೆಲ್ಸ ಅಂದ್ರೆ ಇದೇಯ" ಅಂದರು. ಪುಟ್ಟಿಯ ಅತ್ತೆ ಕೂತಲ್ಲಿಂದಲೇ, "ಹೋದೊರ್ಸ ನಿಮ್ ಟ್ರ್ಯಾಕ್ಟ್ರು ನಮ್ ಹೊಲಕ್ಕೆ ಉರುಳ್ತಲ್ಲ, ಆಗ ನೀವು ಒಪ್ಕಂಡಿದ್ದು ನಂಗೆ ಗ್ಯಾಪ್ಕ ಇಲ್ಲ ಕಣಪ್ಪ" ಅಂದರು. ನಗು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಬಗ್ಗಿ ನಡೆಸುವ ನಮ್ಮ ಹೆಂಗಸರ ಗುಂಪಿನ ಕಾರ್ಯದರ್ಶಿ ಕೆಲಸ ಬಿಟ್ಟಿದ್ದೇನೆ, ಅದು ಪುಟ್ಟಿಗೆ ಹೋಯಿತು. ಬಗ್ಗಿಗೆ ಯುಗಾದಿಯವರೆಗೆ ಸಮಯ ಕೊಟ್ಟಿದ್ದಾರೆ. ಅಂದರೆ ಏಳು ದಿನ. ಓಡಿಸುವವರು ಸಿಕ್ಕರೆ ಕೆಲಸ ನಮ್ಮದು, ಇಲ್ಲದಿದ್ದರೆ ಟ್ರ್ಯಾಕ್ಟರಿನದು. ನೀನು ಬಾರದಿದ್ದರೂ ನಿನ್ನ ಮೇಲೆ ಇನ್ನು ಯಾರ ಮಾತೂ ಇಲ್ಲ. ಅದು ಇವತ್ತಿಗೆ ತೀರ್ಮಾನವಾಯಿತು.

ನಿಮ್ಮತ್ತೆ ಶಿವರುದ್ರಮ್ಮನವರೂ ಸಭೆಗೆ ಬಂದಿದ್ದರು. ಎಲ್ಲ ಹೋದ ಮೇಲೆ ನನ್ನ ಹತ್ತಿರ ಬಂದು ಕೈ ಚಾಚಿ, "ಆ ಕಾಗ್ದ ಇಲ್ಲಿ ಕೊಡು. ಅಂಚೇಲಿ ಕಳ್ಸಿದ್ರೆ ಬುಧ್ವಾರ ಆಯ್ತದೆ. ನಾನೇ ಎರಡ್ ಗಂಟೆ ಬಸ್ಗೆ ಒಯ್ತೀನಿ" ಅಂದರು. ಹಾಗಾಗಿ ಈ ನಾಲ್ಕು ಸಾಲು ಅವರ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ, ಅವರು ಒಳಗೆ ಸೀರೆ ಬದಲಿಸುತ್ತಿದ್ದಾರೆ. ಈಗ ನೀನು ಇದನ್ನು ಓದುವಾಗ ಅವರು ನಿನ್ನ ಎದುರಿಗೇ ಇರುತ್ತಾರೆ. ಬಾಗಿಲಲ್ಲಿ ನಿಲ್ಲಿಸಿಕೊಂಡು ಓದಬೇಡ, ಎರಡು ಬಸ್ಸು ಬದಲಿಸಿ ಬಂದಿದ್ದಾರೆ. "ನಾನೇನು ಕರಿಯಕ್ಕೆ ಬರ್ಲಿಲ್ಲ, ಕಾಗ್ದ ಕೊಡಕ್ ಬಂದೆ ಅಷ್ಟೇಯ" ಅಂತ ಹೇಳುವುದಾಗಿ ಈಗಲೇ ನನಗೆ ಹೇಳಿದ್ದಾರೆ. ನಂಬಬೇಡ. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ನಿನ್ನ ಡ್ರೈವಿಂಗ್ ಲೈಸೆನ್ಸನ್ನು ತೆಗೆದು, ಸೆರಗಿನಿಂದ ಒರೆಸಿ, ಚೀಲದ ತಳದಲ್ಲಿ ಇಟ್ಟುಕೊಂಡದ್ದನ್ನು ಈ ಜಗಲಿಯಿಂದಲೇ ನೋಡಿದೆ.